ದಾರಿ ಕಾಯುವ ಬೇರಿಂಗ್

ರೇಸ್ ಕಾರುಗಳು ಕಿವಿ ಹರಿಯುವಂತೆ ಅರಚುತ್ತಿದ್ದ ಕಾಲ ಮುಗಿದುಹೋಗಿತ್ತು. ಪೆಟ್ರೋಲ್ ಎಂಜಿನ್ನುಗಳೆಲ್ಲ ಗುಜರಿ ಸೇರಿದ ಮೇಲೆ ಕಾರಿನ ಹೊಟ್ಟೆಯಲ್ಲಿ ಉಳಿದದ್ದು ಬ್ಯಾಟರಿ, ಮೋಟಾರು, ಮೋಟಾರಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಎರಡು ಡ್ರೈವ್ ಶಾಫ್ಟು, ಚಕ್ರದ ನಡುವಿನ ಹಬ್ಬು, ಹಬ್ಬಿನೊಳಗಿನ ಬೇರಿಂಗು, ಅಷ್ಟೇ. ಮೋಟಾರಿಗೆ ಬಾಯಿಲ್ಲ. ಹಾಗಾಗಿ ಟ್ರ್ಯಾಕಿನ ಬದಿಗೆ ನಿಂತವರಿಗೆ ಕೇಳಿಸುತ್ತಿದ್ದದ್ದು ಟೈರಿನ ಉಜ್ಜಾಟ, ಗಾಳಿಯ ಸುಯ್ಲು, ಅವೆರಡರ ಅಡಿಯಲ್ಲಿ ಸಣ್ಣಗೆ ಬೇರಿಂಗಿನ ಗುಂಯ್ ಸದ್ದು. ಹಳೆಯ ರೇಸು ಹುಚ್ಚರು ಇದನ್ನು 'ಸೊಳ್ಳೆ ರೇಸು' ಎಂದು ಗೇಲಿ ಮಾಡುತ್ತಿದ್ದರು. ಶಾಲ್ಮಲಾಗೆ ಮಾತ್ರ ಆ ಸದ್ದು ಮನುಷ್ಯರ ಮಾತಿನಷ್ಟೇ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಹಬ್ಬು, ಆ ಬೇರಿಂಗು, ಆ ಶಾಫ್ಟು ಮೂರೂ ಅವಳು ವಿನ್ಯಾಸ ಮಾಡಿದವು.

ಯುಗಾದಿ ಹತ್ತಿರವಾಗಿದ್ದ ಒಂದು ಬೆಳಿಗ್ಗೆ ಅವಳು ಟ್ರ್ಯಾಕಿನ ಕಂಟ್ರೋಲ್ ರೂಮಿನಲ್ಲಿ, ಹಬ್ಬಿನ ಬಳಿ ಕೂರಿಸಿದ ಮೈಕಿನ ಸದ್ದು ಕೇಳಲು, ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಳು. ಬೆಳಗಾವಿಯಿಂದ ಹೆದ್ದಾರಿ ಹಿಡಿದು ಸ್ವಲ್ಪ ದೂರ ಬಂದರೆ, ಹಳೆಯ ಕೆಂಪುಕಲ್ಲಿನ ಗಣಿಯನ್ನು ಸಮ ಮಾಡಿ ಕಟ್ಟಿದ ಟ್ರ್ಯಾಕು ಅದು. ಕಾರಿನೊಳಗೆ ಅವಳ ನಾದಿನಿ ಉಜ್ವಲಾ ಇದ್ದಳು. ಮೊದಲು ಆ ಕಾರು ಓಡಿಸುತ್ತಿದ್ದವನು ಶಾಲ್ಮಲಾಳ ಗಂಡ ಬಸವಂತ. ದಸರೆಯ ಹೊತ್ತಿಗೆ ಬಂದ ಡೆಂಗಿ ಜ್ವರ ಅವನನ್ನು ಎತ್ತಿಕೊಂಡು ಹೋದ ಮೇಲೆ ತಂಗಿ ಅವನ ಸೀಟಿಗೆ ಬಂದಿದ್ದಳು. ಓಡಿಸುವುದನ್ನು ಕಲಿಸಿದವನು ಅಣ್ಣನೇ ಆದರೂ ಅಣ್ಣನ ಕಾರು ಇಷ್ಟು ದಿನ ಅವಳಿಗೆ ಒಗ್ಗಿರಲಿಲ್ಲ. "ಬ್ರೇಕ್ ಪೆಡಲ್ ಖಾಲಿ ಹೋಗತೈತಿ ವೈನಿ, ಎರಡ ಸಲ ತುಳದ್ರ ಹಿಡಿತೈತಿ" ಎಂದು ದಿನವೂ ದೂರುತ್ತಿದ್ದಳು. ಶಾಲ್ಮಲಾ ಬ್ರೇಕಿನ ಪ್ಯಾಡು ಬದಲಿಸಿದ್ದಳು, ಎಣ್ಣೆ ಬದಲಿಸಿದ್ದಳು. ಯಾವುದರಿಂದಲೂ ಪ್ರಯೋಜನವಾಗಿರಲಿಲ್ಲ.

ಇವತ್ತು ಏನಾಯಿತೋ, ಹುಡುಗಿ ಗಾಳಿ ಹಿಡಿದವಳಂತೆ ಓಡಿಸುತ್ತಿದ್ದಳು. ಹಿಂದೆ ನಿಂತಿದ್ದ ತಂಡದ ಮಾಲೀಕರು ದೊಡವಾಡ ಸಾವಕಾರರು ತೊಡೆ ತಟ್ಟಿದರು. "ನೋಡ್ರಿ ಮೇಡಮ್, ರಕ್ತ ಅಂದ್ರ ಇದು! ಬಸವಂತನ ಟೈಮಿಂಗ್ ಮುಟ್ಟ್ಯಾಳ ನಿಮ್ಮ ನಾದನಿ!"

ಶಾಲ್ಮಲಾಳ ಗಮನವೆಲ್ಲ ಕಿವಿಯಲ್ಲಿತ್ತು. ಹೆಡ್‌ಫೋನಿನಲ್ಲಿ ಕಾರು ಹುಣಸೆಮರದ ತಿರುವಿಗೆ ಬರುತ್ತಿತ್ತು. ಬೇರಿಂಗಿನ ಗುಂಯ್ ಸದ್ದು ಒಂದು ಚೂರು ಇಳಿದು, ಉಸಿರು ಹಿಡಿದಂತೆ ನಿಂತು, ಮತ್ತೆ ಇಳಿದು, ಆಮೇಲೆ ಬಿಗಿಯಾಗಿ ಏರಿತು. ಮುಂದಿನ ತಿರುವಿನಲ್ಲೂ ಹಾಗೆಯೇ. ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಪಿಯುಸಿಯಲ್ಲಿದ್ದಾಗ ಬೈಕಿನಿಂದ ಬಿದ್ದು ಬಸವಂತನ ಬಲ ಮೊಣಕಾಲಿಗೆ ಪ್ಲೇಟು ಹಾಕಿದ್ದರು. ಅವನು ಆಕ್ಸಿಲರೇಟರಿನಿಂದ ಕಾಲನ್ನು ಒಮ್ಮೆಗೇ ಎತ್ತಲಾರ. ಅರ್ಧ ಎತ್ತಿ, ಒಂದು ಕಣ್ರೆಪ್ಪೆ ಬಡಿಯುವಷ್ಟು ತಡೆದು, ಉಳಿದದ್ದನ್ನು ಎತ್ತುತ್ತಿದ್ದ. ಲೋಕದಲ್ಲಿ ಹಾಗೆ ಕಾರು ಓಡಿಸುತ್ತಿದ್ದವನು ಅವನೊಬ್ಬನೇ. ಆ ಕಾಲು ಈಗ ಟ್ರ್ಯಾಕಿನ ಮೇಲೆ ಓಡುತ್ತಿತ್ತು.

ಕಾರು ನಿಂತ ಮೇಲೆ ಶಾಲ್ಮಲಾ ಉಜ್ವಲಾಳನ್ನು ಕೇಳಿದಳು. "ಕಾಲು ಎರಡ ಸಲಕ್ಕ ಎತ್ತಾಕತ್ತೀಯಲ್ಲ, ಯಾರ ಹೇಳಿಕೊಟ್ರು?"

"ಎರಡ ಸಲ? ಇಲ್ಲಲ್ಲ ವೈನಿ" ಎಂದಳು ಉಜ್ವಲಾ, ಹೆಲ್ಮೆಟ್ಟಿನಿಂದ ಬೆವರಿದ ಕೂದಲು ಬಿಡಿಸಿಕೊಳ್ಳುತ್ತ. "ನಾ ಏನೂ ಮಾಡಿಲ್ಲ. ಗಾಡೀನs ಹಿಂಗ ಮಾಡು, ಹಿಂಗ ಮಾಡು ಅಂದಂಗಾತು."

ಇಲ್ಲಿ ಆ ಬೇರಿಂಗಿನ ವಿಷಯ ನಾಲ್ಕು ಮಾತು ಹೇಳಲೇಬೇಕು. ಕಾರು ತಿರುವಿನಲ್ಲಿ ವಾಲಿದಾಗ ಹಬ್ಬು ಕೂದಲೆಳೆಯಷ್ಟು ಬಾಗುತ್ತದೆ. ಅದರ ಜೊತೆ ಬ್ರೇಕಿನ ತಟ್ಟೆಯೂ ವಾಲಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಆಮೇಲೆ ಬ್ರೇಕ್ ತುಳಿದರೆ ಪೆಡಲ್ ಖಾಲಿ ಹೋಗುತ್ತದೆ. ಬೇರಿಂಗನ್ನು ಬಿಗಿ ಮಾಡಿದರೆ ಈ ತೊಂದರೆ ಇಲ್ಲ. ಆದರೆ ಸದಾ ಬಿಗಿಯಾಗಿದ್ದರೆ ಕಾದು ಹಿಡಿದುಕೊಂಡು ಬಿಡುತ್ತದೆ. ನೇರ ದಾರಿಯಲ್ಲಿ ಸಡಿಲ, ತಿರುವಿನಲ್ಲಿ ಬಿಗಿ ಆಗುವ ಬೇರಿಂಗ್ ಇದ್ದರೆ? ಶಾಲ್ಮಲಾ ಬೇರಿಂಗಿನ ಹೊರಬಳೆಯೊಳಗೆ ಒಂದು ಪದರ ಕೂರಿಸಿದಳು. ಚಕ್ರ ತಿರುಗುವಾಗ ಹುಟ್ಟುವ ಸಣ್ಣ ವಿದ್ಯುತ್ತಿನಿಂದಲೇ ಅದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ತಿರುವು ಬಂತೆಂದು ಅದಕ್ಕೆ ಸುಳಿವು ಕೊಡುತ್ತಿದ್ದದ್ದು ಡ್ರೈವ್ ಶಾಫ್ಟು. ಚಾಲಕ ವೇಗ ಕೊಟ್ಟಾಗ ಶಾಫ್ಟು ಹಿಂಡಿದ ಬಟ್ಟೆಯಂತೆ ತುಸು ತಿರುಚಿಕೊಳ್ಳುತ್ತದೆ, ಕಾಲು ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಓಡಿಸಿದಷ್ಟೂ ಪದರದೊಳಗಿನ ಹರಳುಗಳು ಆ ಚಾಲಕನ ಕಾಲಿಗೆ ತಕ್ಕಂತೆ ಹೊಂದಿಕೊಳ್ಳುತ್ತಿದ್ದವು. ಬಸವಂತನ ಹಬ್ಬು ಅವನ ಕಾಲಿನ ಎರಡು ಎತ್ತನ್ನು ಕಲಿತಿತ್ತು. ಮೊದಲನೆಯದಕ್ಕೆ ಎಚ್ಚರಾಗಿ, ಎರಡನೆಯದಕ್ಕೆ ಬಿಗಿಯಾಗುತ್ತಿತ್ತು.

ಒಂದೇ ಒಂದು ತೊಡಕಿತ್ತು. ಹೆಪ್ಪು ಹಾಕಿದ ಹಾಲನ್ನು ಅಲ್ಲಾಡಿಸುತ್ತಿದ್ದರೆ ಮೊಸರಾಗುವುದಿಲ್ಲ, ಇಟ್ಟಲ್ಲೇ ಬಿಟ್ಟರೆ ಗಟ್ಟಿಯಾಗುತ್ತದಲ್ಲ, ಪದರವೂ ಹಾಗೆಯೇ. ಒಮ್ಮೆ ಗಟ್ಟಿಯಾದರೆ ಕೊನೆಗೆ ಕಲಿತ ಕಾಲನ್ನೇ ಹಿಡಿದುಕೊಂಡು ಕೂರುತ್ತದೆ, ಹೊಸ ಕಾಲನ್ನು ಕಲಿಯುವುದಿಲ್ಲ. ಆದ್ದರಿಂದ ಕಾರು ಓಡದ ದಿನಗಳಲ್ಲಿ ಹಬ್ಬುಗಳನ್ನು ಬಿಚ್ಚಿ, ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ನಿಧಾನವಾಗಿ ತಿರುಗುವ ಒಂದು ಯಂತ್ರಕ್ಕೆ ಹಾಕುತ್ತಿದ್ದರು. ಕೆಲಸಗಾರರು ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟಿದ್ದರು. ಹಗಲೂ ರಾತ್ರಿ ತೂಗುವ ತೊಟ್ಟಿಲು.

ಆ ತೊಟ್ಟಿಲು ನಿಂತದ್ದು ಖಂಡೇಪೂಜೆಯ ದಿನ. ಆವತ್ತು ಬೆಳಗಾವಿಯಲ್ಲಿ ಯಾವ ಯಂತ್ರವನ್ನೂ ಓಡಿಸುವುದಿಲ್ಲ. ಲೇಥು, ಡ್ರಿಲ್ಲು, ಸುತ್ತಿಗೆ ಸಮೇತ ಎಲ್ಲಕ್ಕೂ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆಯುತ್ತಾರೆ. ಹಿಂದಿನ ದಿನವೇ ಮೈ ಕಾದಿದ್ದರೂ ಬಸವಂತ ಹಟ ಹಿಡಿದು ಕಾರು ಓಡಿಸಿ ಬಂದಿದ್ದ. ಪೂಜೆಯ ದಿನ ಶಾಲ್ಮಲಾ ತಾನೇ ತೊಟ್ಟಿಲ ಗುಂಡಿ ಒತ್ತಿ ನಿಲ್ಲಿಸಿ, ಅದಕ್ಕೊಂದು ಚೆಂಡುಹೂವಿನ ಮಾಲೆ ಹಾಕಿದಳು. ಯಂತ್ರಕ್ಕೆ ಒಂದು ದಿನ ವಿಶ್ರಾಂತಿ ಕೊಡದಿದ್ದರೆ ಅದು ಹಬ್ಬವೇ? ಮರುದಿನ ಬನ್ನಿ ಕೊಟ್ಟು ಬಂಗಾರದಂತಿರೋಣ ಎಂದು ಹೇಳುವ ಹೊತ್ತಿಗೆ ಬಸವಂತ ಆಸ್ಪತ್ರೆಯಲ್ಲಿದ್ದ. ಆಮೇಲೆ ವರ್ಕ್‌ಶಾಪಿನ ಬಾಗಿಲು ತೆರೆಯುವ ಗೊಡವೆಗೆ ಯಾರೂ ಹೋಗಲಿಲ್ಲ. ಸೂತಕ ಕಳೆದು ಬಂದು ನೋಡಿದಾಗ ಒಣಗಿದ ಮಾಲೆ ತೊಟ್ಟಿಲ ಮೇಲೆ ಹಾಗೆಯೇ ಇತ್ತು. ಅವಳು ಮಾಲೆ ತೆಗೆದು ಗುಂಡಿ ಒತ್ತಿದಳು. ಪದರ ಹೆಪ್ಪುಗಟ್ಟಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ.

ಈಗ ಬಂತು. ಉಜ್ವಲಾಳ ಒಂದೇ ಎತ್ತಿಗೆ ಹಬ್ಬು ಬಿಗಿಯದೆ ಪೆಡಲ್ ಖಾಲಿ ಹೋಗುತ್ತಿತ್ತೆಂಬುದೂ ತಿಳಿಯಿತು. ಬಂದ ಮೇಲೆ ಅವಳು ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅಳಿಸಬೇಕಾಗುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಚೆನ್ನಾಗಿ ಕಾಯಿಸಿದರೆ ಹರಳುಗಳು ಕಲಿತದ್ದನ್ನೆಲ್ಲ ಬಿಟ್ಟುಕೊಟ್ಟು ಮೊದಲಿನಂತಾಗುತ್ತವೆ. ಬಸವಂತನ ಫೋಟೋ ಗೋಡೆಯ ಮೇಲಿತ್ತು, ಅಂಗಿಗಳು ಕಪಾಟಿನಲ್ಲಿದ್ದವು. ಆದರೆ ಅವನು ಮಾಡುತ್ತಿದ್ದದ್ದನ್ನು ಅವನ ಹಾಗೆಯೇ ಮಾಡುವುದು ಈ ಎರಡು ತೆಂಗಿನಕಾಯಿ ಗಾತ್ರದ ಉಕ್ಕಿನ ತುಂಡುಗಳು ಮಾತ್ರ.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಹೋದಾಗ ಅವಳು ಹಬ್ಬನ್ನು, ಶಾಫ್ಟನ್ನು ತಿರುಚಿ ಸಡಿಲಿಸುವ ಪರೀಕ್ಷಾ ಯಂತ್ರಕ್ಕೆ ಸಿಕ್ಕಿಸತೊಡಗಿದಳು. ಮೆಕ್ಯಾನಿಕ್ಕುಗಳು ಮಾಡುವಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಬ್ಬಿಗೂ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ ಕೇಳುತ್ತಿದ್ದಳು. ಯಂತ್ರ ಒಮ್ಮೆ ಸಡಿಲಿಸಿದರೆ ಹಬ್ಬು ಎಚ್ಚರಾಗುತ್ತಿತ್ತು, ಇನ್ನೊಮ್ಮೆ ಸಡಿಲಿಸಿದರೆ ಬಿಗಿಯುತ್ತಿತ್ತು. ಅವಳು ಕಣ್ಣು ಮುಚ್ಚಿ "ಹೂಂ" ಎನ್ನುತ್ತಿದ್ದಳು, ಎದುರಿಗೆ ಕೂತವನ ಮಾತಿಗೆ ಹೂಂಗುಟ್ಟುವ ಹಾಗೆ. ಊಟದ ಡಬ್ಬಿ ತೆರೆಯದೆ ಮನೆಗೆ ಹೋದಾಗ ಅತ್ತೆ ನೀಲವ್ವ ಕೇಳುತ್ತಿದ್ದಳು, "ಯಾಕ ಶಾಲೂ, ಪಲ್ಲೆ ಸೇರಲಿಲ್ಲೇನು?"

"ಕೆಲಸ ಇತ್ತರಿ ಅತ್ತಿ."

"ಕೆಲಸ ಎಲ್ಲಿ ಓಡಿ ಹೊಕ್ಕೈತಿ? ನೀ ಓಡಿ ಹೋಗಬ್ಯಾಡ" ಎಂದು ನೀಲವ್ವ ಡಬ್ಬಿಯನ್ನು ದನಕ್ಕೆ ಸುರಿದು ತೊಳೆಯುತ್ತಿದ್ದಳು. ಮಗ ಹೋದ ಮೇಲೆ ಆಕೆಯ ಮಾತು ಚಿಕ್ಕದಾಗಿತ್ತು. ಮೆಟ್ಟಿಲ ಕಡೆ ಸದ್ದಾದರೆ ಮಾತ್ರ ತಲೆ ತಾನಾಗಿ ಅತ್ತ ತಿರುಗುತ್ತಿತ್ತು.

ಈ ಸೀಜನ್ನಿನ ಮೊದಲ ರೇಸಿಗೆ ಎಂಟು ದಿನ ಇದ್ದಾಗ ಅನಾಹುತವಾಯಿತು. ಉಜ್ವಲಾ ಹುಣಸೆಮರದ ತಿರುವಿಗೆ ಬರುತ್ತಿದ್ದಳು. ಪಕ್ಕದ ಹೊಲದ ಹಸಿರುಮನೆಯಿಂದ ಹರಿದ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರಿಬಂದು ಕಾರಿನ ಮುಂದೆಯೇ ಹರಡಿಕೊಂಡಿತು. ಹುಡುಗಿ ಬೆಚ್ಚಿಬಿದ್ದಳು. ಕಾರು ತಿರುವಿಗೆ ನುಗ್ಗಿತು. ಹೆಡ್‌ಫೋನಿನಲ್ಲಿ ಗುಂಯ್ ಸದ್ದು ಬಿಗಿಯಾಗಲೇ ಇಲ್ಲ. "ಬ್ರೇಕ್ ಇಲ್ಲ ವೈನಿ, ಬ್ರೇಕ್ ಇ…" ಎಂಬ ದನಿಯ ಹಿಂದೆಯೇ ಟೈರುಗಳ ಗೋಡೆಗೆ ಬಡಿದ ಸದ್ದು ಕೇಳಿತು.

ಶಾಲ್ಮಲಾ ಚಪ್ಪಲಿ ಎಲ್ಲಿ ಬಿತ್ತೆಂದು ನೋಡದೆ ಓಡಿದಳು. ಉಜ್ವಲಾ ತಾನೇ ಕಾರಿನಿಂದ ಹೊರಗೆ ಬಂದು ಕೆಂಪು ಮಣ್ಣಿನ ಮೇಲೆ ಕುಳಿತಿದ್ದಳು. ಎಡ ಮಣಿಕಟ್ಟು ಊದಿತ್ತು, ತುಟಿ ಒಡೆದಿತ್ತು, ಅಷ್ಟೇ. "ಏನೂ ಆಗಿಲ್ಲ, ಅಳಬ್ಯಾಡ್ರಿ" ಎಂದು ಅವಳೇ ಸಮಾಧಾನ ಹೇಳಿದಳು. ಶಾಲ್ಮಲಾ ಅಳುತ್ತಿರಲಿಲ್ಲ. ಹುಡುಗಿಯ ಕೈಕಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ವರ್ಕ್‌ಶಾಪಿಗೆ ಬಂದು ಆ ಓಟದ ದಾಖಲೆಯನ್ನು ಪರದೆಯ ಮೇಲೆ ಹರವಿದಾಗ ಎಲ್ಲವೂ ಒಂದೇ ನೋಟಕ್ಕೆ ತಿಳಿಯಿತು. ಬೆಚ್ಚಿದ ಹುಡುಗಿ ತನ್ನ ಸ್ವಂತ ಕಾಲನ್ನು ಎತ್ತಿದ್ದಳು, ಒಮ್ಮೆಗೇ, ಪೂರ್ತಿಯಾಗಿ. ಶಾಫ್ಟು ಒಮ್ಮೆಗೇ ಬಿಚ್ಚಿಕೊಂಡಿತ್ತು. ಹಬ್ಬು ಎಚ್ಚರಾಗಿ, ಎರಡನೆಯ ಎತ್ತಿಗಾಗಿ ಕಾದಿತ್ತು. ಕಾರು ತಿರುವಿನಲ್ಲಿ ವಾಲಿದಾಗ ಕಾಯುತ್ತಿತ್ತು, ಪ್ಯಾಡುಗಳು ಹಿಂದೆ ಸರಿದಾಗ ಕಾಯುತ್ತಿತ್ತು, ಟೈರಿನ ಗೋಡೆಗೆ ಬಡಿಯುವಾಗಲೂ ಕಾಯುತ್ತಿತ್ತು. ಪರದೆಯ ಮೇಲೆ ಆ ಕಾಯುವಿಕೆ ಒಂದು ನೆಟ್ಟನೆಯ ಗೆರೆಯಾಗಿ ಕೊನೆಯವರೆಗೂ ಎಳೆದಿತ್ತು. ಶಾಲ್ಮಲಾ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಬರುವವನು ಬರುತ್ತಾನೆಂದು ಅಷ್ಟು ಗಟ್ಟಿಯಾಗಿ ನಂಬಿದ ವಸ್ತುವನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ.

ಮರುದಿನ ಸಾವಕಾರರಿಗೆ ಎಲ್ಲ ಹೇಳಿದಳು. ಅವರು ಒಳ್ಳೆಯ ಮನುಷ್ಯ. ರೇಸೆಂದರೆ ಮಾತ್ರ ಮೈಮೇಲೆ ಬರುತ್ತಿತ್ತು. ಕನ್ನಡಕ ತೆಗೆದು ಒರೆಸಿ ಕೇಳಿದರು, "ಎಣ್ಣ್ಯಾಗ ಕಾಸಿದ್ರ ಎಲ್ಲಾ ಹೋಗತೈತಿ ಅಂತೀರಿ. ಮತ್ತ ಕಲಿಯಾಕ?"

"ಒಂದ ಸೀಜನ್ ಬೇಕರಿ. ಅಲ್ಲೀತನಕ ಸಾದಾ ಬೇರಿಂಗ್ ಹಾಕೂದು."

"ಸಾದಾ ಬೇರಿಂಗ್ ಹಾಕಿ ಓಡಿಸಿದ್ರ ಎತ್ತಿನಗಾಡಿ ಶರ್ಯತ್ತಿಗೆ ಹೋಗೂದs ಚಲೋ" ಎಂದರು ಸಾವಕಾರರು. ಕನ್ನಡಕ ಮತ್ತೆ ಏರಿಸಿ, "ಬೇರಿಂಗಿಗೆ ಯಾಕ ಕೈ ಹಚ್ಚತೀರಿ? ಹುಡಿಗಿಗೆ ಎರಡ ಸಲಕ್ಕ ಎತ್ತೂದು ಕಲಸ್ರಿ. ಅಂಜಿದಾಗೂ ಎರಡ ಸಲ. ಮುಗೀತಲ್ಲ" ಎಂದರು.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಉಜ್ವಲಾ ಕಣ್ಣರಳಿಸಿದಳು. "ಹೌದು ವೈನಿ. ಅಣ್ಣನ ಕಾಲು ನನಗ ಬಂದೈತಿ. ಅಂಜಿದಾಗ ಅಷ್ಟs ನನ್ನ ಕಾಲು ನಡುವ ಬಂತು. ಅದನ್ನೊಂದು ಬಿಡಿಸಿ ಬಿಡ್ರಿ. ಆ ಕಾರಿನ್ಯಾಗ ಕುಂತಾಗ ಅವ ಮಗ್ಗಲದಾಗ ಅದಾನ ಅನಸತೈತಿ ನನಗ. ಅವನ್ನ ಅಳಸಬ್ಯಾಡ್ರಿ."

ಬೇಡವೆನ್ನಲು ಶಾಲ್ಮಲಾಗೆ ನೂರು ಕಾರಣಗಳಿದ್ದವು. ಹೂಂ ಎನ್ನಲು ಒಂದೇ ಇತ್ತು. ಅವಳು ಹೂಂ ಎಂದಳು.

ತರಬೇತಿ ಮನೆಯಲ್ಲಿಯೇ ಶುರುವಾಯಿತು. ವಡಗಾವಿಯ ಅವರ ಮನೆಯ ಮಹಡಿಯ ಮೇಲೆ ಬಸವಂತನ ಕೋಣೆಯಿತ್ತು. ಅಲ್ಲಿ ಒಂದು ಹಳೆಯ ಸೀಟು, ಅದರೆದುರು ಸ್ಪ್ರಿಂಗ್ ಹಾಕಿದ ಒಂದು ಪೆಡಲ್ ಇಟ್ಟರು. ಶಾಲ್ಮಲಾ ಕಪಾಟಿನಿಂದ ಬಸವಂತನ ಮೊಣಕಾಲ ಪಟ್ಟಿ ತೆಗೆದು ಉಜ್ವಲಾಳ ಬಲಗಾಲಿಗೆ ಬಿಗಿದು ಕಟ್ಟಿದಳು. ಪಟ್ಟಿಗೆ ಇನ್ನೂ ಅವನ ನೋವಿನ ಮುಲಾಮಿನ ವಾಸನೆ ಇತ್ತು. ಉಜ್ವಲಾ ಪೆಡಲ್ ತುಳಿದು ಕೂರುತ್ತಿದ್ದಳು. ಬೆನ್ನ ಹಿಂದೆ ಶಾಲ್ಮಲಾ ಯಾವಾಗಲೋ ಒಮ್ಮೆ ಹೇಳದೆ ಕೇಳದೆ ಸ್ಟೀಲ್ ತಾಟನ್ನು ನೆಲಕ್ಕೆ ಬಿಡುತ್ತಿದ್ದಳು. ಧಡ್ ಎಂದ ಕೂಡಲೆ ಕಾಲು ಹಾರುತ್ತಿತ್ತು, ಒಮ್ಮೆಗೇ. "ಮತ್ತ ನಂದs ಬಂತು!" ಎಂದು ಉಜ್ವಲಾ ತನ್ನ ತೊಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದಳು. ಪಟ್ಟಿ ಇಲ್ಲದೆ ನಡೆಯುವುದನ್ನೂ ಬಿಟ್ಟಳು. ಮೆಟ್ಟಿಲು ಹತ್ತುವಾಗ, ಇಳಿಯುವಾಗ, ಅಂಗಡಿಗೆ ಹೋಗಿ ಸಕ್ಕರೆ ತರುವಾಗಲೂ ಪಟ್ಟಿ ಅವಳ ಕಾಲಿಗೆ ಇರುತ್ತಿತ್ತು.

ಐದನೆಯ ದಿನವಿರಬೇಕು, ತಾಟು ಬಿತ್ತು, ಕಾಲು ಅರ್ಧ ಎದ್ದು, ತಡೆದು, ಉಳಿದರ್ಧ ಎದ್ದಿತು.  ಶಾಲ್ಮಲಾ ಇನ್ನೊಮ್ಮೆ ತಾಟು ಬಿಟ್ಟಳು, ಮತ್ತೊಮ್ಮೆ ಬಿಟ್ಟಳು. ಅದೇ ಕಾಲು. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೋಗಿ ಆ ಪಾದವನ್ನು ಹಿಡಿದುಕೊಳ್ಳಬೇಕೆನಿಸಿ ಎರಡು ಹೆಜ್ಜೆ ಮುಂದೆ ಬಂದವಳು ಪಾದದ ಬೆರಳಿಗೆ ಹಚ್ಚಿದ್ದ ಕೆಂಪು ಬಣ್ಣ ನೋಡಿ ನಿಂತಳು. ಇದು ಉಜ್ವಲಾಳ ಕಾಲು. ಇಷ್ಟು ಹೊತ್ತು ಅದು ಅವಳಿಗೆ ನೆನಪೇ ಇರಲಿಲ್ಲ. ಆ ಮರೆವಿಗೆ ಅವಳು ಹೆದರಿದಳು.

"ಊಟಾ ಮಾಡೂಣು ಬರ್ರಿ" ಎಂದು ಉಜ್ವಲಾ ಎದ್ದು ಮೆಟ್ಟಿಲು ಇಳಿಯತೊಡಗಿದಳು. ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ. ಮತ್ತೆ ಗಟ್ಟಿ, ಮತ್ತೆ ಎಳೆದದ್ದು.

ಕೆಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು. "ಬಸೂ" ಎಂದಿತು ನೀಲವ್ವನ ದನಿ. ಎಷ್ಟೋ ದಿನಗಳ ನಂತರ ಆ ದನಿಯಲ್ಲಿ ಜೀವವಿತ್ತು. "ಬಿಸಿ ರೊಟ್ಟಿ ಅದಾವ, ಲಗೂನ ಬಾ. ಕೈ ತೊಳಕೊಂಡ ಬಾ." ತಾಟು ಇಡುವ ಸದ್ದೂ ಕೇಳಿತು. ಮೆಟ್ಟಿಲ ಮೇಲೆ ಉಜ್ವಲಾ, ಅವಳ ಹಿಂದೆ ಶಾಲ್ಮಲಾ, ಇಬ್ಬರೂ ನಿಂತಲ್ಲೇ ನಿಂತರು. ಬಾರದಿದ್ದಾಗ ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮಗಳನ್ನು ನೋಡಿದಳು. ಆಮೇಲೆ ಮಗಳ ಮೊಣಕಾಲಿನ ಪಟ್ಟಿ ನೋಡಿದಳು.

 ನೀಲವ್ವ ಬಗ್ಗಿ, ಮಗಳ ಕಾಲಿನಿಂದ ಪಟ್ಟಿಯನ್ನು ಸಾವಕಾಶ ಬಿಚ್ಚಿದಳು. ಹಿಟ್ಟಿನ ಬಿಳಿ ಬೆರಳ ಗುರುತು ಉಜ್ವಲಾಳ ಕಾಲಿನ ಮೇಲೆ ಮೂಡಿತು.

"ಏನ ನಡಸೀರಿ ಮ್ಯಾಲ?" ಎಂದು ಕೇಳಿದಳು. ಉಜ್ವಲಾ ಹೇಳಿದಳು. ಹಬ್ಬು ಅಣ್ಣನ ಕಾಲನ್ನು ಹಿಡಿದಿಟ್ಟುಕೊಂಡದ್ದು, ಅದು ಎರಡನೆಯ ಎತ್ತಿಗೆ ಕಾಯುವುದು, ಗೋಡೆಗೆ ಬಡಿದದ್ದು, ತಾಟು ಬೀಳಿಸಿ ಕಲಿಯುತ್ತಿರುವುದು, ಎಲ್ಲ. ಅವ್ವನಿಗೆ ಖುಷಿಯಾಗುತ್ತದೆಂದೇ ಹುಡುಗಿ ನಂಬಿದ್ದಳು.

ನೀಲವ್ವ ಕೇಳಿಸಿಕೊಂಡು ಸೊಸೆಯ ಕಡೆ ತಿರುಗಿದಳು. "ನನಗ ಇಬ್ಬರು ಮಕ್ಕಳಿದ್ರು ಶಾಲೂ. ಒಬ್ಬವನ್ನ ಮಣ್ಣು ಮಾಡೇನಿ. ಇಕಿ ಒಬ್ಬಾಕಿ ಉಳದಾಳ. ಇಕಿನ್ನೂ ಅವನ್ನ ಮಾಡಿದ್ರ ನನಗ್ಯಾರ ಉಳದ್ರು, ಹೇಳು?"

ನೀಲವ್ವ ಬಿಚ್ಚಿದ ಪಟ್ಟಿಯನ್ನು ಮಡಿಚಿ ಸೊಸೆಯ ಕೈಗಿಟ್ಟಳು.

"ಗಂಡ ಬೇಕು ಅನಸತೈತಿ, ನನಗ ತಿಳೀದೇನು? ನನಗ ಮಗ ಬ್ಯಾಡಾಗ್ಯಾನೇನು? ಈಗ ಹೆಜ್ಜಿ ಕೇಳಿ ನಾ ಎಷ್ಟ ಖುಷಿಪಟ್ಟೆ, ನೋಡಿದ್ಯಲ್ಲ. ಆ ಖುಷಿ ನನಗ ಬ್ಯಾಡವಾ. ಆ ಖುಷಿಗೆ ನನ್ನ ಮಗಳನ್ನ ಕೊಡಾಕ ಆಗೂದಿಲ್ಲ." ಆಕೆ ಒಳಗೆ ಹೋಗಿ, ಬಸವಂತನಿಗೆಂದು ಇಟ್ಟ ತಾಟಿನಲ್ಲಿಯೇ ರೊಟ್ಟಿ ಹಾಕಿ, "ಉಜ್ಜೀ, ಬಾ, ನೀ ಉಣ್ಣು" ಎಂದಳು.

ಮರುದಿನ ಬೆಳಿಗ್ಗೆ ಶಾಲ್ಮಲಾ ವರ್ಕ್‌ಶಾಪಿನಲ್ಲಿ ಎಣ್ಣೆಯ ತೊಟ್ಟಿಗೆ ಸ್ವಿಚ್ ಹಾಕಿದಳು. ಎರಡೂ ಹಬ್ಬುಗಳನ್ನು ಒರೆಸಿ ತಂತಿಗೆ ಕಟ್ಟಿದಳು. ಎಣ್ಣೆ ಕಾದು ಸಣ್ಣಗೆ ಹೊಗೆಯಾಡುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ನೀಲವ್ವ ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದಳು. ಇಷ್ಟು ವರ್ಷಗಳಲ್ಲಿ ಆಕೆ ಅಲ್ಲಿಗೆ ಬಂದದ್ದು ಅದೇ ಮೊದಲು.

"ಏನಿದು?"

"ಎಣ್ಣ್ಯಾಗ ಬಿಟ್ಟ ಕಾಸತೀನ್ರಿ ಅತ್ತಿ. ಅವರದು ಏನೈತಿ, ಎಲ್ಲಾ ಹೋಗಿಬಿಡತೈತಿ."

"ಅಂದ್ರ ಸುಡತಿ." ನೀಲವ್ವ ತಲೆಯಾಡಿಸಿದಳು. "ನಮ್ಮ ಮಂದಿನ್ನ ಸುಡೂದಿಲ್ಲವಾ. ಮಣ್ಣಾಗ ಇಡತೀವಿ. ಅವನ್ನ ಕೂಡಿಸಿ, ವಿಭೂತಿ ಹಚ್ಚಿ ಇಟ್ಟ ಬಂದೀವಿ. ಇವನ್ನೂ ಹಂಗs ಇಡೂಣು."

ಶಾಲ್ಮಲಾಳೊಳಗಿನ ಎಂಜಿನಿಯರ್ ಆ ಹೊತ್ತಿನಲ್ಲೂ ಸುಮ್ಮನಿರಲಿಲ್ಲ. "ಮಣ್ಣಾಗ ಇಟ್ರ ಅದು ಮರಿಯೂದಿಲ್ಲರಿ. ಅಲ್ಲಾಡದs ಇದ್ದಷ್ಟು ಇನ್ನೂ ಗಟ್ಟಿ ಹಿಡಕೊಂತೈತಿ."

"ಮರೀಲಿ ಅಂತ ಯಾರರೆ ಮಣ್ಣು ಮಾಡತಾರೇನು?" ಎಂದಳು ನೀಲವ್ವ. "ಎದ್ದು ಬರಬ್ಯಾಡಪಾ, ಇನ್ನ ಅಲ್ಲೇ ಇರು ಅಂತ ಮಾಡತಾರ."

ಶಾಲ್ಮಲಾ ಎಣ್ಣೆಯ ತೊಟ್ಟಿಯ ಸ್ವಿಚ್ ಆರಿಸಿದಳು. ಸಾವಕಾರರಿಗೆ ಫೋನ್ ಮಾಡಿ ಹೇಳಿದಾಗ ಅವರು ಕೂಗಾಡಿದರು. ಕಲಿಯಲು ಒಂದು ಇಡೀ ಸೀಜನ್ ಬೇಕಾಗುವ ವಸ್ತುವನ್ನು ನೆಲದಲ್ಲಿ ಹೂಳುವವರನ್ನು ತಾನು ಕಂಡಿಲ್ಲ ಎಂದರು. ಫೋನ್ ಇಟ್ಟರು. ಅಷ್ಟಾದರೂ ರುದ್ರಭೂಮಿಗೆ ಎಲ್ಲರಿಗಿಂತ ಮೊದಲು ಬಂದು ಚಪ್ಪಲಿ ಬಿಟ್ಟು ನಿಂತಿದ್ದವರು ಅವರೇ.

ಬಸವಂತನ ಸಮಾಧಿಯ ಮಗ್ಗುಲಲ್ಲಿ ಉಜ್ವಲಾ ಒಂದೇ ಕೈಯಲ್ಲಿ ಗುಂಡಿ ತೋಡಿದಳು. ಇನ್ನೊಂದು ಕೈ ಇನ್ನೂ ಪಟ್ಟಿಯಲ್ಲಿತ್ತು. ನೀಲವ್ವ ಹಬ್ಬುಗಳಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟಳು. ಶಾಲ್ಮಲಾ ಒಂದೊಂದನ್ನೇ ಇಳಿಸಿದಳು. ಎರಡನೆಯದನ್ನು ಇಡುವಾಗ ಒಳಬಳೆ ತನ್ನ ಭಾರಕ್ಕೆ ತಾನೇ ತುಸು ತಿರುಗಿ ನಿಂತಿತು. ಅವಳೂ ಕೈ ತೆಗೆಯದೆ ನಿಂತಳು. ಇನ್ನೊಮ್ಮೆ ತಿರುಗೀತು ಎಂದು. ನಿಂತೇ ಇದ್ದಳು. ಆಮೇಲೆ ತಾನು ಏನು ಮಾಡುತ್ತಿದ್ದೇನೆಂದು ಅವಳಿಗೇ ಹೊಳೆದು, ಕೈ ಎತ್ತಿ, ಬೊಗಸೆ ಮಣ್ಣು ಹಾಕಿದಳು. ಉಜ್ವಲಾ ಹಾಕಿದಳು, ನೀಲವ್ವ ಹಾಕಿದಳು. ಸಾವಕಾರರೂ ಒಂದು ಹಿಡಿ ಹಾಕಿ, "ಚಲೋ ಓಡಿಸ್ತಿದ್ದಿ ಮಗನ" ಎಂದು ಪಕ್ಕಕ್ಕೆ ಹೋದರು.

ರೇಸಿನ ದಿನಕ್ಕೆ ಉಜ್ವಲಾಳ ಮಣಿಕಟ್ಟಿನ ಊತ ಇಳಿದಿತ್ತು. ಕಾರಿಗೆ ಸಾದಾ ಬೇರಿಂಗ್ ಹಾಕಿದ್ದರು, ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು. ಅದು ಏನನ್ನೂ ಕಲಿಯುವುದಿಲ್ಲ. ತಿರುವಿನಲ್ಲಿ ಬಾಗುತ್ತದೆ, ಪ್ಯಾಡು ಹಿಂದೆ ಸರಿಯುತ್ತದೆ. ಚಾಲಕಿಯೇ ನೇರ ದಾರಿಯಲ್ಲಿ ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ತಟ್ಟಿ ಸರಿ ಮಾಡಿಕೊಳ್ಳಬೇಕು. ಕಂಟ್ರೋಲ್ ರೂಮಿನಲ್ಲಿ ಶಾಲ್ಮಲಾ ಹೆಡ್‌ಫೋನ್ ಹಾಕಿಕೊಂಡಳು. ಅವಳ ಪಕ್ಕದಲ್ಲಿ ನೀಲವ್ವ ಮಡಿಲಲ್ಲಿ ಕೈ ಇಟ್ಟುಕೊಂಡು ಕುಳಿತಿದ್ದಳು.

ಮೊದಲ ಸುತ್ತುಗಳಲ್ಲಿ ಉಜ್ವಲಾಳ ಕಾಲಿಗೆ ಗೊಂದಲ ಹತ್ತಿತ್ತು. ಒಮ್ಮೆ ಎರಡು ಎತ್ತು, ಒಮ್ಮೆ ಒಂದು. ಎರಡೆರಡು ಕಡೆ ಕಾರು ದಾರಿ ಬಿಟ್ಟು ಕೆಂಪು ಧೂಳೆಬ್ಬಿಸಿ ಮತ್ತೆ ಒಳಗೆ ಬಂತು. ಹಿಂದಿದ್ದವರೆಲ್ಲ ಅವಳನ್ನು ದಾಟಿಕೊಂಡು ಹೋದರು. ಆಮೇಲೆ ಹುಣಸೆಮರದ ತಿರುವಿನ ಹತ್ತಿರ ಮುಂದಿನ ಕಾರೊಂದು ಗಿರ್ರನೆ ತಿರುಗಿ ಅಡ್ಡ ನಿಂತಿತು. ಶಾಲ್ಮಲಾ ಮೇಜಿನ ಅಂಚು ಹಿಡಿದುಕೊಂಡಳು. ಹೆಡ್‌ಫೋನಿನಲ್ಲಿ ಶಾಫ್ಟು ಬಿಚ್ಚಿಕೊಂಡಿತು, ಒಮ್ಮೆಗೇ, ಪೂರ್ತಿಯಾಗಿ. ನೇರ ದಾರಿಯಲ್ಲೇ ತಟ್ಟಿ ಸರಿ ಮಾಡಿಕೊಂಡಿದ್ದ ಬ್ರೇಕು ಹಿಡಿಯಿತು. ಕಾರು ಅಡ್ಡ ನಿಂತ ಕಾರಿನ ಮಗ್ಗುಲಲ್ಲಿ ಒಂದು ಮೊಳ ಜಾಗದಲ್ಲಿ ನುಸುಳಿ ಆಚೆ ಹೋಯಿತು.

"ಏನಾತು?" ಎಂದಳು ನೀಲವ್ವ.

"ಪಾರಾದ್ಲರಿ ಅತ್ತಿ."

ರೇಸು ಮುಗಿದಾಗ ಉಜ್ವಲಾ ಬಹಳ ಹಿಂದೆ ಬಂದಳು. ಗೆದ್ದವರ ಕಡೆ ಜನ ಓಡುತ್ತಿದ್ದರು. ಇವಳ ಕಾರಿನ ಹತ್ತಿರ ಮನೆಯವರು ಮಾತ್ರ ಇದ್ದರು. ಹೆಲ್ಮೆಟ್ ತೆಗೆದು ಸುಮ್ಮನೆ ಕುಳಿತಳು. ಮುಖದ ಮೇಲೆ ಬೆವರೋ ಕಣ್ಣೀರೋ ತಿಳಿಯುತ್ತಿರಲಿಲ್ಲ. "ಇವತ್ತ ಗಾಡಿ ನನ್ನ ಜೋಡಿ ಒಂದ ಮಾತೂ ಆಡಲಿಲ್ಲ ವೈನಿ" ಎಂದಳು. "ನಾ ಒಬ್ಬಾಕೆನs ಇದ್ನಿ."

ನೀಲವ್ವ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಶಾಲ್ಮಲಾ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು, ಅಭ್ಯಾಸಬಲದಿಂದ ಹಬ್ಬಿನ ಮೇಲೆ ಅಂಗೈ ಇಟ್ಟಳು. ಸುಡುತ್ತಿತ್ತು. ಓಡಿದ ಕಬ್ಬಿಣ ಕಾಯುತ್ತದೆ, ಬೇರೆ ಕಾರಣವೇನೂ ಇಲ್ಲ. ಅದರೊಳಗೆ ಯಾರೂ ಇರಲಿಲ್ಲ. ಅವಳು ಕೈ ತೆಗೆಯಲಿಲ್ಲ.

"ವೈನಿ, ಕೈ ಸುಟ್ಟೀತು, ತಗೀರಿ" ಎಂದಳು ಉಜ್ವಲಾ.

"ಹೌದವಾ, ಸುಟ್ಟಿತು" ಎಂದಳು ಶಾಲ್ಮಲಾ. ಆಸ್ಪತ್ರೆಯಲ್ಲಿ ಅಳದವಳು, ಮಣ್ಣು ಮಾಡುವಾಗ ಎರಡು ಸಲವೂ ಅಳದವಳು, ಟ್ರ್ಯಾಕಿನ ಬದಿಯ ಕೆಂಪು ಧೂಳಿನಲ್ಲಿ ಎಲ್ಲರೆದುರಿಗೆ ಕುಳಿತು, ತನ್ನ ಗಂಡ ಸತ್ತನೆಂದು ಅತ್ತಳು.